ಸಗಣಿ ಹುಳದ ರೆಕ್ಕೆಯ ಬೆನ್ನು ಹತ್ತಿ

ಹೈದರಾಬಾದಿನ ಹುಡುಗರೆಲ್ಲ ಸಾಫ್ಟ್‌ವೇರ್ ಬೆನ್ನು ಹತ್ತಿದ್ದ ಕಾಲಕ್ಕೆ ನಾನು ಸಗಣಿ ಹುಳದ ಬೆನ್ನು ಹತ್ತಿದ್ದೆ; ಅಂಥವನಿಗೆ ಪಜೀತಿಗಳಿಗೇನು ಬರ? ಹೊರಗಿನಿಂದ ಒಂದೇ ತರಹ ಕಾಣುವ ಮೂರು ಜಾತಿಯ ಹುಳಗಳನ್ನು, ಗಟ್ಟಿ ಚಿಪ್ಪಿನ ಕೆಳಗೆ ಮಡಚಿಕೊಂಡಿರುವ ತೆಳು ರೆಕ್ಕೆಯ ಆಕಾರದಿಂದಲೇ ಗುರುತಿಸಬಹುದು ಎಂಬುದು ನನ್ನ ಪಿಎಚ್‌ಡಿ ವಾದ. ಗೈಡ್ ಸರ್‌ಗೆ ಮಾತ್ರ ನಂಬಿಕೆ ಇರಲಿಲ್ಲ. ಅವರು ಒಪ್ಪದೆ ಥೀಸಿಸ್ ಮುಂದೆ ಹೋಗುವಂತಿರಲಿಲ್ಲ.

ಜಮೀನು

ಊರ ಹೊರಗೆ ಎಮ್ಮೆ ಕೊಟ್ಟಿಗೆಯ ಹಿಂದೆ ಕೂತು ಹುಳ ಹೆಕ್ಕುತ್ತಿದ್ದೆ. ಸುತ್ತಲಿನ ಜಮೀನಿಗೆಲ್ಲ ಆಗ ಬಂಗಾರದ ಬೆಲೆ. ಕೊಟ್ಟಿಗೆಯ ಯಜಮಾನ ಬಂದು, "ಯಾವ ಕಂಪನಿ ಸಾರ್?" ಎಂದು ತೆಲುಗಿನಲ್ಲಿ ಕೇಳಿದ. ಕಂಪನಿ ಇಲ್ಲ, ಹುಳ ನೋಡುತ್ತಿದ್ದೇನೆ ಎಂದು ಸೀಸೆ ತೋರಿಸಿದೆ. ಅವನು ಹೆಂಡತಿಯನ್ನು ಕೂಗಿ ಹೇಳಿದ: "ಸಗಣಿ ಕೂಡ ಪರೀಕ್ಷೆ ಮಾಡಿ ಜಮೀನು ಕೊಳ್ಳುವ ದೊಡ್ಡ ಪಾರ್ಟಿ ಬಂದಿದೆ. ಈಗಲೇ ರೇಟು ಹೇಳಬೇಡ."

ಫೋಟೊ

ರೆಕ್ಕೆಗಳ ಚಿತ್ರ ದೊಡ್ಡದು ಮಾಡಿಸಲು ಅಮೀರ್‌ಪೇಟ್‌ನ ಸ್ಟುಡಿಯೊದವನಿಗೆ ಕೊಟ್ಟೆ. ಕೋಚಿಂಗ್ ಹುಡುಗರ ಬಯೋಡೇಟಾ ಫೋಟೊದಲ್ಲಿ ಮೊಡವೆ ಅಳಿಸಿ, ಓರೆ ಕಾಲರ್ ನೇರ ಮಾಡಿ ಕೈ ಪಳಗಿದವನು ಅವನು. ಲಕೋಟೆ ಬಿಚ್ಚಿ ನೋಡಿದರೆ ಮೂರು ಜಾತಿಯ ರೆಕ್ಕೆಗಳೂ ಅಚ್ಚು ಹೊಡೆದಂತೆ ಒಂದೇ.

"ಸೊಟ್ಟ ಇದ್ದದ್ದೆಲ್ಲ ಸೀದಾ ಮಾಡಿದೆ ಭಾಯ್," ಎಂದ. "ಈಗ ಯಾವ ಇಂಟರ್‌ವ್ಯೂಗೆ ಬೇಕಾದರೂ ಕಳಿಸಿ."

ಫ್ಯಾನು

ನಮ್ಮ ಹಾಗೇ ಧಾರವಾಡದ ಕಡೆಯವರಾದ ಗೈಡ್ ಸರ್ ಒಂದು ಭಾನುವಾರ ರೆಕ್ಕೆ ನೋಡಲು ಹಿಮಾಯತ್‌ನಗರದ ನಮ್ಮ ಮನೆಗೇ ಬಂದರು. ಉಗುರಗಲದ ಚೀಟಿಗಳಿಗೆ ಅಂಟಿಸಿದ್ದ ರೆಕ್ಕೆಗಳನ್ನು ಮೇಜಿನ ತುಂಬ ಹರಡಿದ್ದೆ. ಜಾತಿಯ ಹೆಸರು ಚೀಟಿಯ ಹಿಂದೆ. ಉಪ್ಪಿಟ್ಟು ತಂದಿಟ್ಟ ಅವ್ವ, ಸರ್ ಬೆವರಿದ್ದು ನೋಡಿ ಫ್ಯಾನನ್ನು ಐದಕ್ಕೆ ತಿರುಗಿಸಿದಳು. ಆ ಹುಳಗಳು ಜೀವಂತ ಇದ್ದಾಗಲೂ ಅಷ್ಟು ಎತ್ತರ ಹಾರಿರಲಿಕ್ಕಿಲ್ಲ.

ಸರ್ ನೆಲದ ಮೇಲೆ ಕೂತು ಚೀಟಿ ಹೆಕ್ಕತೊಡಗಿದರು. "ಛೊಲೋ ಆತು. ಹಿಂದ ನೋಡಬ್ಯಾಡ, ರೆಕ್ಕಿ ನೋಡಿ ಹೇಳು," ಅಂದರು. ನಾನು ಹೇಳುತ್ತ ಹೋದೆ, ಅವರು ಚೀಟಿ ತಿರುಗಿಸಿ ನೋಡುತ್ತ ಹೋದರು. ಒಂದೂ ತಪ್ಪಲಿಲ್ಲ. ನನಗೆ ಹುರುಪು ಏರಿತು. ಕೊನೆಗೆ ಅವರು ತಮ್ಮ ಉಪ್ಪಿಟ್ಟಿನ ಮೇಲಿಂದ ಚೀಟಿ ಇಲ್ಲದ ಒಂದನ್ನು ಎತ್ತಿ ಹಿಡಿದರು.

"ಮೂರನೇ ಜಾತಿರಿ ಸರ್. ತುದಿ ಮೊಂಡ ಐತಿ, ನರ ಸ್ಪಷ್ಟ ಅದಾವ. ಅನುಮಾನನ ಇಲ್ಲ."

ಅವ್ವ ಇಣುಕಿ ನೋಡಿದಳು. "ಅದು ಉಳ್ಳಾಗಡ್ಡಿ ಸಿಪ್ಪಿ ಐತ್ರಿ ಸರ್. ಹೆಚ್ಚುವಾಗ ಉಳದೈತಿ."

ಸರ್ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಕನ್ನಡಕ ಒರೆಸಿಕೊಂಡು, "ಥೀಸಿಸ್ ಕೊಡಪಾ," ಅಂದರು. "ನಾಲ್ಕನೇ ಜಾತಿ ಸಿಕ್ಕೈತಿ ಅಂತ ಮಾತ್ರ ಬರೀಬ್ಯಾಡ."