ಪುಟ ಹದಿನೆಂಟರ ಮುತ್ತಜ್ಜ

ಜೂನ್ ಹದಿನಾಲ್ಕು, ಭಾನುವಾರ, ಬೆಳಿಗ್ಗೆ ಎಂಟೂವರೆ. ಸ್ಥಳ: ತಿಳವಳ್ಳಿ ರಸ್ತೆಯಲ್ಲಿರುವ ನಮ್ಮ ಮನೆ. ಹಾಜರಿದ್ದವರು: ನಿವೃತ್ತ ಮುಖ್ಯೋಪಾಧ್ಯಾಯನಾದ ನಾನು, ಅಡುಗೆಮನೆಯಲ್ಲಿ ಹೆಂಡತಿ ಶಾಂತವ್ವ, ಸವಣೂರಿನಿಂದ ಬಂದ ಹಳೆಯ ವಿದ್ಯಾರ್ಥಿನಿ ರೇಣುಕಾ. ಈಕೆ ಈಗ ಅಲ್ಲಿಯ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ವಿಷಯ: ಅಂತರಜಾಲದ ವಿಶ್ವಕೋಶಕ್ಕೆ ನಮ್ಮೂರ ಕೆರೆಯ ಬಗ್ಗೆ ನಾನು ಬರೆದ ಲೇಖನವನ್ನು ತಿದ್ದದಿದ್ದರೆ ಸಂಜೆಯೊಳಗೆ ಅಳಿಸುತ್ತೇವೆಂದು ಬಂದ ಎಚ್ಚರಿಕೆ.

ತಪ್ಪೊಪ್ಪಿಕೊಳ್ಳುತ್ತೇನೆ: ನಾನು ನಕಲು ಮಾಡಿದ್ದೆ. ಆದರೆ ನಕಲನ್ನು ನಾನು ಶಿಸ್ತು ಎಂದೇ ತಿಳಿದು ಬೆಳೆದವನು. ನನ್ನ ತರಗತಿಯಲ್ಲಿ ಹಲಗೆಯ ಮೇಲಿನದು ಅಕ್ಷರ ತಪ್ಪದೆ ವಹಿಗೆ ಇಳಿಯಬೇಕು. ಒಂದು ಪದ ಬದಲಾದರೆ ಅರ್ಧ ಅಂಕ ಕಡಿತ. ಇದೇ ರೇಣುಕಾಳಿಗೂ ಕಡಿದಿದ್ದೇನೆ. ಅದೇ ನಿಷ್ಠೆಯಿಂದ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಿಂದ ಎರಡು ಪುಟಗಳನ್ನು ಅಲ್ಪವಿರಾಮಗಳ ಸಮೇತ ಇಳಿಸಿದ್ದೆ.

“ಇದ್ದದ್ದು ಇದ್ದಂಗ ಇಳಿಸೀರಲ್ರಿ, ಸರ,” ಎಂದಳು ರೇಣುಕಾ.

“ಕೆಳಗ ಪುಸ್ತಕದ ಹೆಸರು ಹಾಕೇನಲ್ಲ!”

“ಹೆಸರು ಹೇಳಿ ಮಂದಿ ಹಿತ್ತಲದಾಗಿನ ಬದನಿಕಾಯಿ ಹರಕೊಂಡ ಬಂದ್ರ ಬಿಡ್ತಾರೇನ್ರಿ?”

‘ವಿಶಾಲ’ ಇದ್ದಲ್ಲಿ ‘ದೊಡ್ಡ’, ‘ಜಲರಾಶಿ’ ಇದ್ದಲ್ಲಿ ‘ನೀರು’ ಮಾಡಿ ತೋರಿಸಿದೆ.

“ಗ್ವಾಡಿಗೆ ಸುಣ್ಣ ಹಚ್ಚಿದ್ರ ಮನಿ ನಿಮ್ಮದಾಗೂದಿಲ್ರಿ. ಪುಸ್ತಕ ಮುಚ್ಚಿಡ್ರಿ, ನಿಮ್ಮ ಮಾತಿನ್ಯಾಗ ಬರೀರಿ.”

ಮುಚ್ಚಿಟ್ಟೆ. ಇಷ್ಟು ವರ್ಷ ಕನ್ನಡ ಕಲಿಸಿದವನಿಗೆ ಐದು ವಾಕ್ಯ ಕಟ್ಟಲು ಒಂದೂವರೆ ತಾಸು ಬೇಕಾಯಿತು. ಮೊದಲ ನಾಲ್ಕು ಪಾಸಾದವು. ಐದನೆಯದು: ‘ಕೆರೆಯ ತೂಬು ಕಟ್ಟಿಸಿದವರು ನನ್ನ ಮುತ್ತಜ್ಜ.’ ನಿಜ ಹೇಳಬೇಕೆಂದರೆ, ಲೇಖನಕ್ಕೆ ಕೈ ಹಾಕಿದ್ದೇ ಈ ವಾಕ್ಯಕ್ಕಾಗಿ.

“ಇದಕ್ಕ ಆಧಾರ ಏನ್ರಿ?”

“ಊರಾಗ ಎಲ್ಲಾರಿಗೂ ಗೊತ್ತೈತಿ.”

ಒಳಗಿನಿಂದ ಶಾಂತವ್ವ ಕೂಗಿದಳು: “ಎಲ್ಲಾರು ಅಂದ್ರ ಯಾರ್ರಿ? ನೀವೊಬ್ಬರ! ತೂಬು ಕಟ್ಟಾವ್ರಿಗೆ ನಿಮ್ಮ ಮುತ್ತಜ್ಜ ರೊಟ್ಟಿ ಗಂಟು ಹೊತ್ಕೊಂಡ ಹೋಗತಿದ್ರು ಅಂತ ನಿಮ್ಮವ್ವನ ಹೇಳ್ತಿದ್ರು.”

“ಮನ್ಯಾಗಿನ ಮಾತು ಎರಡೂ ನಡಿಯೂದಿಲ್ರಿ, ಅಕ್ಕಾರ. ನಾವು ಹೊಸಾದು ಕಂಡುಹಿಡದು ಅಲ್ಲಿ ಬರಿಯೂಹಂಗಿಲ್ಲ. ಎಲ್ಲ್ಯಾರ ಅಚ್ಚಾಗಿರಬೇಕು,” ಎಂದಳು ರೇಣುಕಾ. ರೊಟ್ಟಿ ಗಂಟಿನ ಮಾತೂ ಬಿದ್ದುಹೋಗುತ್ತದೆಂದು ತಿಳಿದಾಗ ಆ ನಿಯಮದ ಮೇಲೆ ನನಗೆ ಮೊದಲ ಬಾರಿಗೆ ಗೌರವ ಮೂಡಿತು.

“ಅಚ್ಚಾಗೇತಿ. ಸಂಚಿಕಿ, ಪುಟ ಹದಿನೆಂಟು,” ಎಂದೆ ಗತ್ತಿನಿಂದ.

ಆಕೆ ಪುಟ ತಿರುವಿದಳು. ಇತ್ತು. “ಮತ್ತ ಮೊದಲ ಹೇಳಬಾರದೇನ್ರಿ, ಸರ! ಪುಟದ ನಂಬರ್ ಹಾಕಿದ್ರ ಮುಗೀತು.”

ಸುಮ್ಮನಿದ್ದರೆ ಸಾಕಿತ್ತು, ಮುತ್ತಜ್ಜ ವಿಶ್ವಕೋಶ ಸೇರುತ್ತಿದ್ದ. ಆದರೆ ಹೆಸರಿಲ್ಲದ ಆ ಪುಟ ಯಾರದೆಂದು ನನಗೆ ಗೊತ್ತಿತ್ತು. ಸಂಚಿಕೆಯಲ್ಲಿ ಎರಡು ಪುಟ ಖಾಲಿ ಉಳಿದಿವೆಯೆಂದು ಸಮಿತಿಯವರು ಓಡಿಬಂದಾಗ, ಒಂದೇ ಸಂಜೆಯಲ್ಲಿ ಗೀಚಿಕೊಟ್ಟವನು ನಾನು. ‘ನಮ್ಮ ಅಜ್ಜನ ಕಟ್ಟಿಸಿರಬೇಕು’ ಎಂದು ಅಪ್ಪ ಯಾವಾಗಲೋ ಅಂದಿದ್ದ. ಅವನ ಆ ಸಂಶಯ ನನ್ನ ಕೈಯಲ್ಲಿ ಅಚ್ಚಿಗೆ ಹೋಗುವಾಗ ದಾರಿಯಲ್ಲೇ ಉದುರಿತ್ತು. ಎದುರಿಗೆ ಕೂತವಳು ನಾನು ಅರ್ಧ ಅಂಕ ಕಡಿದ ಹುಡುಗಿ. ಬಾಯಿ ತೆರೆದೆ.

“ಅದನ್ನ ಬರದಾವ ನಾನ ನೋಡವಾ.”

ರೇಣುಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅಂದ್ರ ಸರ, ನಿಮ್ಮನ್ನ ನೀವ ಕಾಪಿ ಹೊಡದು, ನಿಮ್ಮನ್ನ ನೀವ ಸಾಕ್ಷಿಗೂ ಕರದೀರಿ!” ಒಳಗಿನಿಂದ ಬಂದ ನಗು ಮಾತ್ರ ಏನನ್ನೂ ಮುಚ್ಚಿಕೊಳ್ಳಲಿಲ್ಲ.

ಐದನೆಯ ವಾಕ್ಯವನ್ನು ನಾನೇ ಅಳಿಸಿದೆ. ಕೆರೆ ಉಳಿಯಿತು. ಬದಲಾವಣೆಗೆ ಕಾರಣವೇನೆಂದು ಪರದೆಯ ಮೇಲೊಂದು ಖಾಲಿ ಜಾಗ ಕೇಳಿತು. ರೇಣುಕಾ ಲ್ಯಾಪ್‌ಟಾಪನ್ನು ನನ್ನ ಕಡೆ ಸರಿಸಿದಳು. ಒಂದೇ ಬೆರಳಿನಿಂದ, ಒತ್ತಕ್ಷರಗಳನ್ನು ಹುಡುಕುತ್ತ, ‘ಬರೆದವನಿಗೇ ಖಾತ್ರಿಯಿಲ್ಲ’ ಎಂದು ತುಂಬಿ ಉಳಿಸಿದೆ. ಸಮಯ ಹನ್ನೊಂದು ನಲವತ್ತು.