ಕಾಡಿಗೆ ಇಳಿಯದ ಅಳು

ಇನ್ನೊಬ್ಬರ ಮದುವೆಯ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯರನ್ನು ನಾನು ಇನ್ನೂ ನೋಡಿಲ್ಲ. ಮದುವೆ ಟಿವಿಯೊಳಗಿನದಾದರೂ, ಮದುಮಗಳು ಗಂಡಸಾದರೂ ಅಷ್ಟೆ. ಮಲೇಷ್ಯಾದ ಸೈಬರ್‌ಜಯಾದ ನಮ್ಮ ಆಫೀಸಿನಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ. ಈ ಸಲ ಸ್ವಲ್ಪ ಜಾಸ್ತಿಯಾಯಿತು.

೧. ಊಟದ ಹೊತ್ತು

ನಮ್ಮಲ್ಲಿ ಏಳೆಂಟು ಮಂದಿಗೆ ಟಿವಿಯ ಒಂದು ಡ್ರ್ಯಾಗ್ ಸ್ಪರ್ಧೆಯ ಹುಚ್ಚು. ಗಂಡಸರು ಹೆಣ್ಣುವೇಷ ಹಾಕಿ ಹೊಲಿಯುತ್ತಾರೆ, ನಡೆಯುತ್ತಾರೆ, ಜಗಳವಾಡುತ್ತಾರೆ. ವಾರಕ್ಕೊಬ್ಬರು ಸೋತು ಮನೆಗೆ ಹೋಗುತ್ತಾರೆ. ಆ ವಾರ ಮದುವೆಯ ಎಪಿಸೋಡ್. ಒಬ್ಬ ಸ್ಪರ್ಧಿ ಮದುಮಗಳ ಉಡುಪನ್ನು ಒಂದೂ ಸುಕ್ಕಿಲ್ಲದೆ ಹೊಲಿದೂ ಮನೆಗೆ ಹೋದ. ಇನ್ನೊಬ್ಬ ಅಂಚು ಬಿಚ್ಚಿದ ಉಡುಪಿನಲ್ಲಿ ನಡೆದುಬಂದು, ಗೊಳೋ ಎಂದು ಅತ್ತು, ಗೆದ್ದ.

ಅಳು ನಿಜವೋ ನಾಟಕವೋ? ಮರುದಿನ ನಾವು ಊಟಕ್ಕೆ ಹೋಗುವ ಮಾಮಕ್ ರೊಟ್ಟಿ ಅಂಗಡಿಯಲ್ಲಿ ಟೇಬಲ್ಲೇ ಎರಡು ಪಕ್ಷವಾಯಿತು. ಈ ವರ್ಷ ಸಂಬಳ ಏರುವುದಿಲ್ಲ ಎಂದು ಕಂಪನಿ ಹೇಳಿದ ದಿನ ಇದೇ ಜನ, ಇದೇ ಟೇಬಲ್ಲಿನಲ್ಲಿ, ರೊಟ್ಟಿಗೆ ಮೊಟ್ಟೆ ಹಾಕಿಸುವುದೋ ಬೇಡವೋ ಎಂದಷ್ಟೇ ಚರ್ಚಿಸಿದ್ದರು.

೨. ಆವಾಗ ನೋಡೂಣು

ಜೋರಾಗಿ ಕಿರುಚಿದವರು ಇಬ್ಬರು: ಹುಬ್ಬಳ್ಳಿಯ ಎಂಜಿನಿಯರ್ ಹುಡುಗ, ಮೆಲಾಕಾದಲ್ಲಿ ಬೆಳೆದ ಉಡುಪಿಯ ಹುಡುಗಿ. ಇನ್ನು ಮೂರು ವಾರಕ್ಕೆ ಅವರಿಬ್ಬರದೇ ಮದುವೆ.

“ರಿಯಲ್ ಲಾ! ಎಷ್ಟು ಅತ್ತ, ಪಾಪ!” ಅಂದಳು ಹುಡುಗಿ.

“ಕ್ಯಾಮೆರಾ ಎಲ್ಲೈತಿ ಅಂತ ನೋಡಿ, ಆಮ್ಯಾಲೆ ಅತ್ತಾನ.”

“ನಾಳೆ ಧಾರೆಯಲ್ಲಿ ನಾನು ಅತ್ತರೂ ಹೀಗೇ ಹೇಳ್ತೀಯಾ?”

ಬುದ್ಧಿಯಿದ್ದವನು ಇಲ್ಲಿ ಬಾಯಿಗೆ ರೊಟ್ಟಿ ತುರುಕಿಕೊಳ್ಳುತ್ತಿದ್ದ. ಇವನು ಎಂಜಿನಿಯರ್. “ಆವಾಗ ನೋಡೂಣು,” ಅಂದ.

ಅವಳು ಉಳಿದ ಊಟವನ್ನು ಪೊಟ್ಟಣ ಕಟ್ಟಿಸಿಕೊಂಡು ಎದ್ದುಹೋದಳು. ಸಂಜೆ ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಬರೆದಳು: “ಈ ಮದುವೆ ಬೇಕಾ ಅಂತಲೇ ಗೊತ್ತಾಗ್ತಿಲ್ಲ.”

ತಕ್ಷಣ ಗುಂಪಿನ ಯಾರದ್ದೋ ಉತ್ತರ ಬಂತು: “ಯಾವುದು? ಗೆದ್ದವನದ್ದಾ, ಸೋತವನದ್ದಾ?”

೩. ತಜ್ಞರ ತೀರ್ಪು

ಕಾರ್ಯಕ್ರಮ ನೋಡದವನು ನಾನೊಬ್ಬನೇ. ಹಾಗಾಗಿ ಸಂಧಾನಕ್ಕೆ ನನ್ನನ್ನು ಹಿಡಿದರು. ಹುಡುಗಿಯ ಷರತ್ತು ಒಂದೇ: ತನ್ನ ಅಪ್ಪ ಆ ಎಪಿಸೋಡ್ ನೋಡಿ ಹೇಳಲಿ. ಅಳು ನಿಜ ಅಂದರೆ ಇವನು ಕ್ಷಮೆ ಕೇಳಬೇಕು, ಇಲ್ಲವಾದರೆ ಮದುವೆ ಇಲ್ಲ.

ಅಪ್ಪ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಮೇಷ್ಟರು. ನನ್ನ ಜೊತೆ ಕಾರಿನಲ್ಲಿ ಬಂದ ಹುಡುಗ ದಾರಿಯುದ್ದಕ್ಕೂ ಕೇಳಿದ್ದು ಒಂದೇ. “ಗಂಡಸರು ಹೆಣ್ಣುವೇಷ ಹಾಕೋದನ್ನ ಮಾವಗ ಹೆಂಗ ತೋರಸೂದ್ರೀ?”

ಅವರ ಮನೆಯ ನಡುಕೋಣೆಯ ಗೋಡೆಯಲ್ಲಿ ಮೇಷ್ಟರ ಮದುವೆಯ ಫೋಟೋ ಇತ್ತು. ಮದುಮಗಳ ಕೆನ್ನೆಯ ಮೇಲೆ ಕಪ್ಪು ಗೆರೆಗಳು. ನಾನು ನೋಡಿದ್ದನ್ನು ನೋಡಿ ಮೇಷ್ಟರು, “ಬೂಷ್ಟು. ಈ ಊರಿನ ತೇವದ ಹವೆ,” ಅಂದರು.

ಟಿವಿ ಹಾಕಿದೆವು. ಮೇಷ್ಟರು ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿದರು. “ಇದೆಂತ ನಡಿಗೆ ಮಾರಾಯ? ಗದ್ದೆಗಿಳಿದ ಕೋಣದ ಹಾಗೆ!” ಓದುವ ಕಾಲದಲ್ಲಿ ಅವರು ಎಂಟು ವರ್ಷ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡಿದ್ದರಂತೆ. ಅಳುವ ಭಾಗವನ್ನು ಮೂರು ಸಲ ನೋಡಿ ತೀರ್ಪು ಕೊಟ್ಟರು: “ನಿಜವಾಗಿ ಅತ್ತರೆ ಕಾಡಿಗೆ ಇಳಿಯಬೇಕು. ಇವನದ್ದು ಇಳಿದಿದೆ. ನಿಜವೇ.”

ಹುಡುಗ ಕ್ಷಮೆ ಕೇಳಿದ. ಮದುವೆ ಉಳಿಯಿತು. ಚಾ ತಂದಿಟ್ಟ ಹುಡುಗಿಯ ಅಮ್ಮ ನನ್ನ ಕಡೆ ತಿರುಗಿ, “ಇವರು ವೇಷ ಬಿಟ್ಟು ಮೂವತ್ತೈದು ವರ್ಷ ಆಯ್ತು. ಕನ್ನಡಿ ಬಿಟ್ಟಿಲ್ಲ,” ಅಂದರು.

೪. ಧಾರೆ

ಬ್ರಿಕ್‌ಫೀಲ್ಡ್ಸ್‌ನ ಮದುವೆ ಮಂಟಪದಲ್ಲಿ ಆಫೀಸಿನ ಅಭಿಮಾನಿಗಳೆಲ್ಲ ಎರಡನೆಯ ಸಾಲಿನಲ್ಲಿ ಕುಳಿತು ಮದುಮಗಳ ರವಿಕೆಯ ಹೊಲಿಗೆಗೆ ಅಂಕ ಕೊಡುತ್ತಿದ್ದರು.

ಧಾರೆಯ ಹೊತ್ತಿಗೆ ಹುಡುಗಿ ಅತ್ತಳು. ಚೆನ್ನಾಗಿಯೇ ಅತ್ತಳು. ಮದುಮಗ ಬಗ್ಗಿ ಅವಳ ಕಣ್ಣು ನೋಡಿದ. ಎರಡನೆಯ ಸಾಲಿನವರೂ ಕತ್ತು ಚಾಚಿ ನೋಡಿದರು. ಕಾಡಿಗೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಅವನ ಮುಖ ಬಾಡಿತು. ಮಾವನ ಕಿವಿಗೆ ಬಾಗಿದ. ಹಿಂದೆಯೇ ನಿಂತಿದ್ದ ನನಗೆ ಎಲ್ಲ ಕೇಳಿಸಿತು.

“ಮಾವ, ಕಾಡಿಗಿ ಇಳದಿಲ್ರಿ.”

“ಇಳಿಯುವುದಿಲ್ಲ. ವಾಟರ್‌ಪ್ರೂಫ್. ನಾನೇ ಆರಿಸಿ ತಂದುಕೊಟ್ಟದ್ದು.”

“ಹಂಗಾದ್ರ ಖರೇನೋ ಸುಳ್ಳೋ ಹೆಂಗ ಗೊತ್ತಾಗೂದ್ರಿ?”

ಮಾವ ಪಕ್ಕದಲ್ಲಿದ್ದ ಹೆಂಡತಿಯನ್ನು ಓರೆಗಣ್ಣಿನಲ್ಲಿ ನೋಡಿ, ದನಿ ತಗ್ಗಿಸಿದರು. “ಗೊತ್ತಾಗಿ ಎಂತ ಮಾಡುವುದು ಮಾರಾಯ? ಇವಳು ನನ್ನ ಕೈ ಹಿಡಿಯುವಾಗ ನಿಜವಾಗಿಯೇ ಅತ್ತಿದ್ದಳು. ಆ ಮದುವೆ ಫೋಟೋದಲ್ಲಿ ಕೆನ್ನೆಯ ಮೇಲಿರುವುದು ಬೂಷ್ಟಲ್ಲ.”