ವಾರಗಿತ್ತಿಯ ಹಲ್ಸೆಟ್ಟು

ಮೇಘನಳ ಮದುವೆಯಲ್ಲಿ ನಲುಗಿನ ಹಾಡು ಹಾಡುವವಳು ನಾನೇ, ಬೇರೆ ಯಾರಾದರೂ ಬಾಯಿ ತೆರೆದರೆ ನನ್ನ ಹೆಸರು ಆದಿಲಕ್ಷ್ಮಮ್ಮನೇ ಅಲ್ಲ! ಕೊಟ್ಟಿಗೆಯಲ್ಲಿ ನಿಂತು ನಾನು ಹೀಗೆ ಘೋಷಣೆ ಮಾಡಿದಾಗ ಕೇಳಿಸಿಕೊಂಡವರು ಇಬ್ಬರೇ. ಒಬ್ಬರು ನಮ್ಮ ಯಜಮಾನರು ಅಶ್ವತ್ಥಪ್ಪ, ಇನ್ನೊಂದು ಹಾಲು ಕರೆಯಲಿ ಎಂದು ಕಾಯುತ್ತಿದ್ದ ಸೀಮೆಹಸು. ಹಸುವೇ ಸ್ವಲ್ಪ ಗಮನ ಕೊಟ್ಟಿತು.

ನಮ್ಮ ಕಡೆ ಮದುಮಗಳಿಗೆ ಅರಿಶಿನ ಹಚ್ಚಿ ನಲುಗು ಇಡುವಾಗ ಹಾಡಿಲ್ಲದಿದ್ದರೆ ಅದು ಬರೀ ಮೈ ತೊಳೆಯುವ ಕೆಲಸ. ಆವನಿಯಿಂದ ಮುಳಬಾಗಿಲಿನವರೆಗೆ ನಮ್ಮ ನೆಂಟರ ಯಾವ ಹೆಣ್ಣೂ ನನ್ನ ಹಾಡು ಕೇಳದೆ ಗಂಡನ ಮನೆ ಸೇರಿಲ್ಲ. ತೆಲುಗು, ಕನ್ನಡ, ಮಧ್ಯೆ ಬೀಗರ ಕಾಲೆಳೆಯುವ ಸಾಲು, ಎಲ್ಲಾ ನನ್ನ ನಾಲಿಗೆಯ ಮೇಲೆ. ಅಂಥ ಬಾಯಿಯ ಮೇಲ್ಸಾಲಿನ ಹಲ್ಲುಗಳು ಒಂದೊಂದಾಗಿ ರಾಜೀನಾಮೆ ಕೊಟ್ಟು, ಹೋದ ದೀಪಾವಳಿಗೆ ಕೊನೆಯದೂ ಹೊರಟಿತು. ಅಲ್ಲಿಂದ ಜನರೆದುರು ನಗುವುದನ್ನು ಬಿಟ್ಟೆ. ಮಾತಾಡುವಾಗ ಸೆರಗು ತಾನಾಗಿ ಬಾಯಿಗೆ ಹೋಗುತ್ತಿತ್ತು. ಹಾಡಿನ ವಿಷಯ ಕೇಳಲೇಬೇಡಿ.

ಕೋಲಾರಕ್ಕೆ ಹೋಗಿ ಒಂದು ಹಲ್ಸೆಟ್ಟು ಹಾಕಿಸಿಕೋ ಎಂದು ಯಜಮಾನರು ಹೇಳಿ ಹೇಳಿ ಸೋತರು. "ಮುದ್ದೆ ನುಂಗೋ ಬಾಯಿಗೆ ಹಲ್ಲು ಯಾಕ್ರೀ? ಅಗಿದು ತಿನ್ನೋಕೆ ನಾವೇನು ಬೆಂಗಳೂರವ್ರಾ?" ಎಂದೆ. ಕುರ್ಚಿಯಲ್ಲಿ ಒರಗಿಸಿ ಬಾಯಿಗೆ ಏನೇನೋ ತುರುಕುತ್ತಾರೆ ಎಂಬ ಭಯ ಒಳಗೆ. ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಮುದ್ದೆಯ ಮೇಲೆ ಹಾಕುವುದು ಮರ್ಯಾದೆ ಅನ್ನಿಸಿತು.

ಅಷ್ಟರಲ್ಲಿ ವೆಂಕಟರತ್ನಮ್ಮ ಆ ಕೆಲಸ ಮಾಡಿಯೇಬಿಟ್ಟಳು. ಇವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ, ಪಕ್ಕದ ಮನೆಯವಳು. ನನ್ನ ಹಾಗೆಯೇ ಮೇಲ್ಸಾಲು ಕಳೆದುಕೊಂಡವಳು. ಸದ್ದಿಲ್ಲದೆ ಕೋಲಾರಕ್ಕೆ ಓಡಾಡಿ ಸೆಟ್ಟು ಹಾಕಿಸಿಕೊಂಡು ಬಂದವಳು ಬಸ್ಸಿಳಿದು ಮನೆಗೂ ಹೋಗಲಿಲ್ಲ, ನೇರ ಹಾಲಿನ ಡೇರಿಗೆ ಹೋಗಿ ಸಾಲಿನಲ್ಲಿದ್ದವರಿಗೆಲ್ಲ ನಕ್ಕು ತೋರಿಸಿದಳು. ಸಂಜೆ ನಮ್ಮ ಜಗಲಿಯ ಮೇಲೆ ಕೂತು ನಾನು ಕರಿದಿಟ್ಟಿದ್ದ, ನಾನೇ ತಿನ್ನಲಾಗದ ನಿಪ್ಪಟ್ಟನ್ನು ಕಟುಂ ಕಟುಂ ಎಂದು ಕಡಿದಳು. ಆ ಸದ್ದಿಗೆ ನನ್ನ ಹೊಟ್ಟೆ ಧಗಧಗ ಉರಿಯಿತು. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಮುಚ್ಚಿಡುವುದೇನಿದೆ! ವೆಂಕಟರತ್ನ ಎಷ್ಟು ಚಿಕ್ಕವಳಾಗಿ ಕಾಣ್ತಾಳೆ ಎಂದು ಹೊಗಳಿದ ಯಜಮಾನರು ಅಂದು ಉಪ್ಪಿಲ್ಲದ ಸಾರು ಉಂಡರು.

ಅದೂ ಸಾಲದೆ ಮುಳಬಾಗಿಲಿನಿಂದ ನಮ್ಮ ಕಿರಿಯ ವಾರಗಿತ್ತಿ ಸುನಂದ ಫೋನ್ ಮಾಡಿದಳು. ಮದುಮಗಳು ಮೇಘನ ಅವಳ ಮಗಳೇ. "ಅಕ್ಕ, ನಿಮಗೆ ಪಾಪ ಈಗ ಕಷ್ಟ ಆಗುತ್ತೆ. ಈ ಸಲ ರತ್ನಕ್ಕ ಹಾಡಲಿ, ನೀವು ಆರತಿ ತಟ್ಟೆ ಹಿಡ್ಕೊಳ್ಳಿ" ಎಂದಳು. ಆರತಿ ತಟ್ಟೆ! ನನಗೆ! ವೆಂಕಟರತ್ನಮ್ಮ ಹಾಡಿದರೆ ಕರೆಯುವ ಎಮ್ಮೆಯೂ ಒದೆಯುತ್ತದೆ. ಕೊಟ್ಟಿಗೆಯ ಘೋಷಣೆ ಹೊರಬಿದ್ದದ್ದು ಈ ಫೋನ್ ಇಟ್ಟ ಮೇಲೆ.

ನಲುಗಿನ ದಿನ ಬೆಳಿಗ್ಗೆ ಸುನಂದಳ ಮನೆ ತುಂಬಾ ನೆಂಟರು. ಸೀರೆ ಉಡಲು ಒಳಕೋಣೆಗೆ ಹೋದೆ. ಕಿಟಕಿಯಲ್ಲಿ ಒಂದು ಸ್ಟೀಲ್ ಲೋಟ, ಲೋಟದ ನೀರಿನಲ್ಲಿ ವೆಂಕಟರತ್ನಮ್ಮನ ನಗು! ಸ್ನಾನಕ್ಕೆ ಹೋಗಿದ್ದಾಳೆ ಅಂದುಕೊಂಡೆ. ತಕ್ಷಣ ನನ್ನ ತಲೆಯೊಳಗೆ ಪಂಚಾಯಿತಿ ಕೂತಿತು. ಹೋದ ತಿಂಗಳು ನನ್ನ ಕಾಸಿನ ಸರ ಹಾಕಿಕೊಂಡು ಮಾಲೂರಿನ ಮದುವೆಗೆ ಹೋದವಳು ಯಾರು? ಅವಳು. ಅವಳ ಮೈಸೂರು ಸಿಲ್ಕ್ ಉಟ್ಟು ಶ್ರೀನಿವಾಸಪುರದ ಗೃಹಪ್ರವೇಶದಲ್ಲಿ ಮೆರೆದವಳು ಯಾರು? ನಾನು. ಸರ, ಸೀರೆ, ಓಲೆ ಎಲ್ಲವೂ ವಾರಗಿತ್ತಿಯರ ಮಧ್ಯೆ ಓಡಾಡುವಾಗ ಹಲ್ಲು ಮಾತ್ರ ಏನು ಪಾಪ ಮಾಡಿದೆ? ಒಂದು ಹಾಡು, ಮುಗಿದ ಕೂಡಲೇ ವಾಪಸ್. ತೀರ್ಪು ನನ್ನ ಕಡೆಗೇ ಆಯಿತು.

ಉಳಿದ ತೊಡಕು ಎಂಜಲಿನದು. ಇನ್ನೊಬ್ಬರ ಬಾಯಲ್ಲಿದ್ದದ್ದನ್ನು ಹಾಗೇ ಹಾಕಿಕೊಳ್ಳಲು ಮನಸ್ಸು ಒಪ್ಪಬೇಕಲ್ಲ! ಹಿತ್ತಲ ಒಲೆಯ ಮೇಲೆ ಹಂಡೆಯ ನೀರು ಕೊತಕೊತ ಕುದಿಯುತ್ತಿತ್ತು. ಒಂದು ಚೊಂಬಿಗೆ ಬಗ್ಗಿಸಿಕೊಂಡು, ಅಲ್ಲೇ ಇದ್ದ ಅರಿಶಿನವನ್ನು ಧಾರಾಳವಾಗಿ ಸುರಿದು, ಸೆಟ್ಟನ್ನು ಅದರಲ್ಲಿ ಮುಳುಗಿಸಿದೆ. ಅರಿಶಿನ ಬಿದ್ದ ಮೇಲೆ ಎಂಜಲೆಲ್ಲಿ ಉಳಿಯುತ್ತದೆ! ಸೀರೆ ಉಟ್ಟು, ಹೂ ಮುಡಿದು ಬಂದು ಹೊರತೆಗೆದೆ. ಆ ಹೊಗೆಯಲ್ಲಿ ಬಣ್ಣ ನೋಡುವ ವ್ಯವಧಾನ ಯಾರಿಗಿತ್ತು? ಬಾಯಿಗೆ ಸೇರಿಸಿದೆ.

ಎಡಗಡೆ ಕೂತಿತು. ಬಲಗಡೆ ಕೂರಲಿಲ್ಲ. ಕುದಿನೀರಿಗೆ ಸೆಟ್ಟೇ ಸೊಟ್ಟಗಾಗಿತ್ತು ಎಂದು ಆಮೇಲೆ ತಿಳಿಯಿತು. ಆಗ ಮಾತ್ರ ವೆಂಕಟರತ್ನಮ್ಮನ ದವಡೆ ಸೊಟ್ಟ ಎಂದು ತೀರ್ಮಾನಿಸಿ ಒಂದು ಕ್ಷಣ ಖುಷಿಪಟ್ಟೆ. ಕೆಳಗಿನ ಹಲ್ಲಿನಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ, ಬಾಯಿ ಚೂರು ತೆರೆದರೂ ಬೀಳುತ್ತದೆ. ವಾಪಸ್ ಲೋಟಕ್ಕೆ ಹಾಕೋಣ ಎನ್ನುವಷ್ಟರಲ್ಲಿ ಹೆಂಗಸರು ಕೈಹಿಡಿದು ಎಳೆದುಕೊಂಡು ಹೋಗಿ ಹಸೆಯ ಮೇಲಿದ್ದ ಮೇಘನಳ ಎದುರು ಕೂರಿಸಿದರು.

"ದೊಡ್ಡಮ್ಮ, ನೀವೇ ಹಾಡ್ಬೇಕು ಅಂತ ನನಗೆ ಆಸೆ. ಒಂದೇ ಒಂದು ಹಾಡು" ಎಂದಳು ಮೇಘನ.

ಈ ಮಾತಿಗಾಗಿ ನಾನು ಎಷ್ಟು ಹಂಬಲಿಸಿದ್ದೆ! ಹಲ್ಲು ಕಚ್ಚಿಕೊಂಡು ಆಗಲ್ಲ ಎಂದು ತಲೆ ಅಲ್ಲಾಡಿಸಿದೆ. ಹುಡುಗಿ ಮತ್ತೆ ಕೇಳಿದಳು. ನನ್ನ ಕಣ್ಣಲ್ಲಿ ನೀರು ಬಂತು. ಹೆಣ್ಣು ಕಳಿಸುವ ಸಂಕಟ ಎಂದುಕೊಂಡು ಸುತ್ತಲಿದ್ದವರೆಲ್ಲ ಕಣ್ಣೊರೆಸಿಕೊಂಡರು.

ಆಗ ವೆಂಕಟರತ್ನಮ್ಮ ಬಂದಳು. ಬೊಚ್ಚುಬಾಯಿ! ಸೆರಗು ಅಡ್ಡವಿಲ್ಲ, ಸಂಕೋಚವಿಲ್ಲ. ಕೂತವಳೇ ಹಾಡು ಶುರುಮಾಡಿದಳು. ಶ್ರುತಿ ಮುಳಬಾಗಿಲಿನಲ್ಲಿದ್ದರೆ ತಾಳ ಆವನಿಯಲ್ಲಿತ್ತು. ಆದರೆ ಬೀಗರ ಕಾಲೆಳೆಯುವ ಸಾಲು ಬಂದಾಗ ಹೆಂಗಸರು ಬಿದ್ದು ಬಿದ್ದು ನಕ್ಕರು, ಅವಳೂ ವಸಡು ತೋರಿಸಿ ನಕ್ಕಳು. ಹಲ್ಲೆಲ್ಲಿ ಎಂದು ಸುನಂದ ಗಾಬರಿಯಿಂದ ಕೇಳಿದಳು.

"ಅದು ಹಾಕ್ಕೊಂಡ್ರೆ ನಾಲಿಗೆ ತಿರುಗಲ್ಲ ಕಣೇ. ಹಾಡೋಕೆ ಅಂತಾನೇ ಬಿಚ್ಚಿಟ್ಟೆ" ಎಂದಳು.

ಅವಳು ಹಾಡಲೆಂದು ಬಿಚ್ಚಿಟ್ಟದ್ದನ್ನು ನಾನು ಹಾಡಲೆಂದು ಹಾಕಿಕೊಂಡು ಮೂಗಿಯಾಗಿ ಕೂತಿದ್ದೆ! ಅವಳಿಗಿದ್ದ ಹಲ್ಲಿಗಿಂತ ಅವಳಿಗಿಲ್ಲದ ನಾಚಿಕೆಯ ಮೇಲೆ ಹೊಟ್ಟೆಕಿಚ್ಚಾಯಿತು.

ಊಟಕ್ಕೆ ಎಲೆ ಹಾಕಿದರು. ವೆಂಕಟರತ್ನಮ್ಮ ಲೋಟ ನೋಡಿದಳು, ಕಿಟಕಿ ತಡಕಿದಳು, ಕೊನೆಗೆ ನನ್ನ ಬಿಗಿದ ದವಡೆಯನ್ನೇ ದಿಟ್ಟಿಸುತ್ತಾ ಬಂದು ಪಕ್ಕದಲ್ಲಿ ಕೂತಳು. "ಅಕ್ಕ, ವಡೆ ಬಡಿಸ್ತಿದ್ದಾರೆ" ಎಂದಳು, ಅಷ್ಟೇ. ಬಾಯಿ ತೆರೆದೆ. ಸೆಟ್ಟು ಅಂಗೈಗೆ ಬಿತ್ತು, ಸೊಟ್ಟಗೆ, ಮದುಮಗಳ ಕೆನ್ನೆಗಿಂತ ಹಳದಿಯಾಗಿ. ಅವಳು ಅದನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಇನ್ನು ನನ್ನ ಮಾನ ಡೇರಿಯಲ್ಲಿ ಹರಾಜು ಎಂದು ತಲೆ ತಗ್ಗಿಸಿದೆ.

"ನನ್ನ ಹಲ್ಲಿಗೂ ನಲುಗು ಇಟ್ಟಿದ್ದೀರಲ್ಲ ಅಕ್ಕ" ಎಂದಳು. "ಇನ್ನು ಹಾಡೊಂದು ಬಾಕಿ. ಹಾಡಿ."

ಹಾಡಿದೆ. ಎಲೆಯ ಮುಂದೆ ಕೂತು, ಖಾಲಿ ಬಾಯಲ್ಲಿ, ಹಾಡಿಗಿಂತ ಗಾಳಿಯೇ ಹೆಚ್ಚಾಗಿ. ಮುಗಿಸಿ ನೋಡಿದರೆ ವೆಂಕಟರತ್ನಮ್ಮ ತನ್ನ ವಡೆಯನ್ನು ಸಾರಿನಲ್ಲಿ ನೆನೆಸಿಟ್ಟಿದ್ದಳು. ಪಕ್ಕದಲ್ಲೇ ನನ್ನದನ್ನೂ.